ಇಲಿಗಳಲ್ಲಿ ಇಳಿಯಿತು

ಗುರುವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಆರೋಗ್ಯ ಪುಟ ಸಿದ್ಧವಾಗಬೇಕು. ಅದು ಆ ಪತ್ರಿಕೆಯ ಕಟ್ಟುನಿಟ್ಟು. ಅಂಕಣಕಾರ ಎರಡೂವರೆಗೆ ಬಂದು, ಪುಟವಿನ್ಯಾಸ ಮಾಡುವ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ತನ್ನ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದ. ಹದಿನಾಲ್ಕು ವರ್ಷದ ಅಭ್ಯಾಸ. ಕಿವಿಗೆ ಒಗ್ಗದ ವಾಕ್ಯ ಕಣ್ಣಿಗೂ ಒಗ್ಗುವುದಿಲ್ಲ ಎಂದು ಅವನ ನಂಬಿಕೆ.

ಅವನ ಕೆಲಸ ಕೇಳಲು ಸುಲಭ. ಹೊರಗಿನ ವೈದ್ಯ ಪತ್ರಿಕೆಗಳಲ್ಲಿ ಬರುವ ಹೊಸ ಸಂಶೋಧನೆಗಳನ್ನು ಓದಬೇಕು, ಅಜ್ಜಿಯೂ ಕೂತು ಓದುವಂಥ ಕನ್ನಡದಲ್ಲಿ ಹೇಳಬೇಕು. ಹಿಂದೆ ವಿಜ್ಞಾನ ಮೇಷ್ಟ್ರಾಗಿದ್ದವನು, ಹೇಳುವ ಕಲೆ ಕೈಹಿಡಿದಿತ್ತು. ಬೀದಿಯಲ್ಲಿ ಎಲ್ಲರೂ ಅವನನ್ನು ಪೇಪರ್ ಡಾಕ್ಟ್ರು ಎನ್ನುತ್ತಿದ್ದರು. ‘ಅಯ್ಯೋ, ನಾನು ಡಾಕ್ಟರಲ್ಲ’ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ, ಆದರೆ ಕೇಳಿದವರು ನಂಬಬಾರದು ಎನ್ನುವ ಹಾಗೆ ಹೇಳುತ್ತಿದ್ದ.

ಆ ವಾರದ ವಿಷಯ ಚೆನ್ನಾಗಿತ್ತು. ಪಂಜರದ ಹಕ್ಕಿಗಳಿಗೆಂದು ಅಂಗಡಿಯಲ್ಲಿ ಮಾರುವ ಒಂದು ಕಹಿ ಕಾಳಿನ ಸಾರವನ್ನು ಯಾವುದೋ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ್ದರು. ಅವನು ಬರೆದ ಮುಖ್ಯ ವಾಕ್ಯ ಹೀಗಿತ್ತು: ‘ಸಾರ ಕೊಟ್ಟ ಮೂರೇ ವಾರದಲ್ಲಿ ರಕ್ತದೊತ್ತಡ ಇಲಿಗಳಲ್ಲಿ ಇಳಿಯಿತು.’

ಅಕ್ಕ ಕಿಸಕ್ಕನೆ ನಕ್ಕರು. “ಇಲಿಗಳಲ್ಲಿ ಇಳಿಯಿತು! ಇಲಿ ಇಳೀತಾ, ಒತ್ತಡ ಇಳೀತಾ? ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಲಕಾರ ಳಕಾರ ಎರಡೂ ಒಂದೇ. ಅಚ್ಚಿನ ತಪ್ಪು ಅಂತ ನನಗೆ ಫೋನ್ ಮಾಡ್ತಾರೆ ನೋಡಿ.”

ಅವನು ಮತ್ತೊಮ್ಮೆ ಓದಿಕೊಂಡ. ಹೌದು, ನಾಲಿಗೆ ತೊಡರುತ್ತಿತ್ತು. ‘ಮೂಷಿಕಗಳಲ್ಲಿ’ ಎಂದು ಹಾಕಿ ನೋಡಿದ, ಪುರಾಣದ ಹಾಗಾಯಿತು. ‘ದಂಶಕಗಳಲ್ಲಿ’ ಎಂದರೆ ಪಠ್ಯಪುಸ್ತಕ. ‘ಕಡಿಮೆಯಾಯಿತು’ ಎಂದು ಬದಲಿಸಿದ್ದರೆ ಮುಗಿಯುತ್ತಿತ್ತು, ಆದರೆ ‘ಇಳಿಯಿತು’ ಎಂಬ ಪದದ ಮೇಲೆ ಅವನಿಗೆ ಮೋಹ ಹುಟ್ಟಿಬಿಟ್ಟಿತ್ತು. ಕೊನೆಗೆ ಇಲಿಗಳನ್ನೇ ಅಳಿಸಿದ. ‘ಸಾರ ಕೊಟ್ಟ ಮೂರೇ ವಾರದಲ್ಲಿ ರಕ್ತದೊತ್ತಡ ಇಳಿಯಿತು.’ ವಾಕ್ಯ ಹಾಡಿದಂತಾಯಿತು. ಕೊನೆಯ ಸಾಲಿನಲ್ಲಿ ‘ಹೆಚ್ಚಿನ ಸಂಶೋಧನೆ ಅಗತ್ಯ’ ಎಂದು ಹೇಗೂ ಇತ್ತಲ್ಲ, ಅಷ್ಟು ಸಾಕು ಎಂದುಕೊಂಡ. ಆ ಸಾಲನ್ನು ಯಾರೂ ಓದುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಇಲಿ ಎಲ್ಲಿ ಹೋಯ್ತು?” ಎಂದರು ಅಕ್ಕ.

“ಬಿಲಕ್ಕೆ ಹೋಯ್ತು” ಎಂದ. ಇಬ್ಬರೂ ನಕ್ಕರು. ಮೂರು ಗಂಟೆಗೆ ಸರಿಯಾಗಿ ಪುಟ ಹೋಯಿತು.

ಭಾನುವಾರ ಬರಹ ಬಂತು. ‘ಹಕ್ಕಿಯ ಕಾಳಿನಲ್ಲಿ ಬಿ.ಪಿ.ಗೆ ಮದ್ದು?’ ಎಂಬ ತಲೆಬರಹ. ಮುಂದಿನ ಭಾನುವಾರ ಅವನು ಎಂದಿನಂತೆ ಸಲೂನಿಗೆ ಹೋದ.

ಬೀದಿಯ ತಿರುವಿನಲ್ಲಿದ್ದ ಆ ಸಲೂನಿನ ಯಜಮಾನರನ್ನು ಜನ ಕತ್ತರಿಯಣ್ಣ ಎನ್ನುತ್ತಿದ್ದರು. ಎರಡು ಕುರ್ಚಿ, ಒಂದು ಬೆಂಚು, ಉದ್ದನೆಯ ಕನ್ನಡಿ, ಕಿಟಕಿಯಲ್ಲಿ ಪಂಜರ, ಪಂಜರದಲ್ಲಿ ಸದಾ ಜಗಳವಾಡುವ ಎರಡು ಹಸಿರು ಹಕ್ಕಿ. ಮೂವತ್ತು ವರ್ಷದಿಂದ ಅದೇ ಬೀದಿಯ ಅಪ್ಪಂದಿರಿಗೂ ಮಕ್ಕಳಿಗೂ ಅವರೇ ಕ್ಷೌರ ಮಾಡಿದ್ದರು. ಆರೋಗ್ಯ ಪುಟವನ್ನು ಬೆಂಚಿನ ಮೇಲೆ ಕಾಯುವವರಿಗೆಲ್ಲ ಓದಿ ಹೇಳುವುದು ಅವರ ಭಾನುವಾರದ ಕಾಯಕ. ಹೆಚ್ಚು ಮೆಚ್ಚಿದ್ದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸುತ್ತಿದ್ದರು. ಆ ದಿನ ಅಲ್ಲಿ ಕಾಳಿನ ಬರಹ ಅಂಟಿತ್ತು. ತಲೆಬರಹದ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಕತ್ತರಿಗೆ ಸಿಕ್ಕಿ ಹಾರಿಹೋಗಿತ್ತು.

ನೊರೆ ಹಚ್ಚಿ, ಗಲ್ಲ ಮೇಲೆತ್ತಿ, ಕತ್ತಿಯನ್ನು ಗಂಟಲ ಮೇಲಿಟ್ಟು ಕತ್ತರಿಯಣ್ಣ ಮಾತು ಶುರು ಮಾಡಿದರು. ಒಂಬತ್ತು ವರ್ಷದಿಂದ ಬಿ.ಪಿ. ಗುಳಿಗೆ ನುಂಗಿ ನುಂಗಿ ನಾಲಿಗೆ ಸತ್ತಿದೆ. ಈಗ ನೋಡಿದರೆ ಮದ್ದು ನಮ್ಮ ಪಂಜರದಲ್ಲೇ ಇದೆ. ವಾರದಿಂದ ದಿನಾ ಬೆಳಿಗ್ಗೆ ಒಂದು ಹಿಡಿ ಕಾಳು ಕುದಿಸಿ ಕುಡಿಯುತ್ತಿದ್ದೇನೆ, ಹಕ್ಕಿಗಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದು ನಗಿಸಿದರು. ಆಮೇಲೆ ಕೇಳಿದರು.

“ಇನ್ನು ಆ ಗುಳಿಗೆ ಸಹವಾಸ ಬಿಟ್ಟುಬಿಡಲಾ, ಡಾಕ್ಟ್ರೇ?”

“ಹೂಂ” ಎಂದ ಅವನು.

ಗಂಟಲ ಮೇಲೆ ಕತ್ತಿ ಇದ್ದವನು ಇನ್ನೇನು ಅನ್ನಲಾದೀತು? ಕಥೆ ಕೇಳುವವರು ನಡುನಡುವೆ ಹಾಕುತ್ತಾರಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಎನ್ನುವ ಹೂಂ, ಅದು ಅಂಥ ಹೂಂ. ಹೌದು ಎನ್ನುವ ಹೂಂ ಕೂಡ ಕೇಳಲು ಹಾಗೇ ಇರುತ್ತದೆ. ಕತ್ತಿ ಸರಿದ ಮೇಲೆ ಕತ್ತರಿಯಣ್ಣ ಮುಖ ಒರೆಸಿದರು, ಪಟಿಕದ ತುಂಡು ಉಜ್ಜಿದರು, ಹೆಗಲ ಬಟ್ಟೆ ಕೊಡವಿದರು. ಬಾಯಿ ಬಿಡಲು ಅವನಿಗೆ ಐದು ನಿಮಿಷವಿತ್ತು. ಆ ಐದು ನಿಮಿಷವೂ ಅವನು ಕನ್ನಡಿಯ ಮೂಲೆಯಲ್ಲಿದ್ದ ತನ್ನ ಹೆಸರನ್ನೇ ನೋಡುತ್ತಿದ್ದ. ಅಚ್ಚು ಚೆನ್ನಾಗಿ ಬಂದಿದೆ ಎಂದುಕೊಂಡು ಎದ್ದುಬಂದ.

ಮುಂದಿನ ತಿಂಗಳು ಪೂರ್ತಿ ಅವನು ಬೇರೆ ಊರಿನಲ್ಲಿ ತರಬೇತಿಗೆಂದು ಇದ್ದ. ಹಿಂತಿರುಗಿ ಸಲೂನಿಗೆ ಹೋದರೆ ಬಾಗಿಲು ಎಳೆದಿತ್ತು. ಪಂಜರ ಪಕ್ಕದ ಟೈಲರ್ ಅಂಗಡಿಯಲ್ಲಿ ನೇತಾಡುತ್ತಿತ್ತು. ಟೈಲರ್ ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ ಹೇಳಿದ: ಸೋಮವಾರ ಬೆಳಿಗ್ಗೆ ಒಬ್ಬರ ತಲೆಗೂದಲು ಕತ್ತರಿಸುತ್ತಿದ್ದಾಗ ಕತ್ತರಿ ಕೈಯಿಂದ ಜಾರಿತಂತೆ. ಬಗ್ಗಿ ಎತ್ತಲು ಹೋದರೆ ಬೆರಳು ಮಡಚಲಿಲ್ಲವಂತೆ. ಲಕ್ವ. ಬಿ.ಪಿ. ವಿಪರೀತ ಏರಿತ್ತಂತೆ.

ಅವನಿಗೆ ಮೊದಲು ನೆನಪಾದದ್ದು ತನ್ನದೇ ಹೂಂ.

ಆಸ್ಪತ್ರೆಯ ವಾರ್ಡಿನಲ್ಲಿ ಕತ್ತರಿಯಣ್ಣ ದಿಂಬಿಗೊರಗಿ ಕೂತಿದ್ದರು. ಬಲಗೈಯನ್ನು ಮತ್ತೊಂದು ದಿಂಬಿನ ಮೇಲೆ ಇಟ್ಟಿದ್ದರು, ಬೇರೆ ಯಾರದೋ ಕೈಯನ್ನು ನೋಡಿಕೊಳ್ಳಲು ಕೊಟ್ಟಿದ್ದಾರೆ ಎನ್ನುವ ಹಾಗೆ. ಮಾತು ಸ್ವಲ್ಪ ತೊದಲುತ್ತಿತ್ತು. ಮುಖದಲ್ಲಿ ಐದು ದಿನದ ಗಡ್ಡ. ಅವರನ್ನು ಗಡ್ಡದಲ್ಲಿ ಅವನು ನೋಡಿದ್ದು ಅದೇ ಮೊದಲು. ಅವನನ್ನು ಕಂಡು ಅವರ ಮುಖ ಅರಳಿತು, ಅದೂ ಎಡಭಾಗ ಮಾತ್ರ. ಅವರ ಹೆಂಡತಿ ಔಷಧಿ ತರಲು ಹೋಗಿದ್ದರು. ಕತ್ತರಿಯಣ್ಣ ಬಾಗಿಲ ಕಡೆ ನೋಡಿ, ಹತ್ತಿರ ಬಾ ಎಂದು ಎಡಗೈಯಲ್ಲಿ ಕರೆದರು.

“ಡಾಕ್ಟರು ಕೇಳಿದ್ರು, ಗುಳಿಗೆ ತಪ್ಪಿಸಿದ್ರಾ ಅಂತ. ಇಲ್ಲ, ದಿನಾ ತಗೊಂಡಿದ್ದೀನಿ ಅಂದೆ. ನಿಮ್ಮ ಹೆಸರು ಹೊರಗೆ ಬರಬಾರದು ನೋಡಿ.”

ಕತ್ತರಿಯಣ್ಣ ಮುಂದುವರಿಸಿದರು. ತಪ್ಪು ತನ್ನದೇ. ನಡುವೆ ಅಂಗಡಿಯಲ್ಲಿ ಕಾಳು ಮುಗಿದು ನಾಲ್ಕು ದಿನ ಕಷಾಯ ಕುಡಿದಿರಲಿಲ್ಲ. ಅದರಿಂದಲೇ ಹೀಗಾಯಿತು. ಇಲ್ಲಿ ಗುಳಿಗೆ ಎರಡಕ್ಕೆ ಏರಿಸಿದ್ದಾರೆ. ಶುಕ್ರವಾರ ಮನೆಗೆ ಕಳಿಸುತ್ತಾರಂತೆ, ಹೋದ ಮೇಲೆ ಇವನ್ನೆಲ್ಲ ನಿಲ್ಲಿಸಿ ಕಾಳನ್ನೇ ಚಾಚೂ ತಪ್ಪದೆ ಕುಡಿಯುತ್ತೇನೆ.

“ಅಳತೆ ಮಾತ್ರ ಸರಿಯಾಗಿ ಹೇಳಿಬಿಡಿ. ನೀವು ಪೇಪರಲ್ಲಿ ಅಳತೆ ಬರೀಲಿಲ್ಲ.”

ಹೇಳಬೇಕಿದ್ದದ್ದು ಒಂದೇ ಪದ. ಅದು ಅವನ ಬಾಯಿಯ ತನಕ ಬಂತು. ಅಷ್ಟರಲ್ಲಿ ಹೆಂಡತಿ ಬಂದರು, ಅವನಿಗೆ ಸ್ಟೂಲು ಸರಿಸಿಕೊಟ್ಟರು, ಇವರು ನಿಮ್ಮ ಮಾತು ಬಿಟ್ಟು ಇನ್ಯಾರ ಮಾತೂ ಕೇಳುವುದಿಲ್ಲ, ಸ್ವಲ್ಪ ಬುದ್ಧಿ ಹೇಳಿ ಎಂದರು. ಅವನು “ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ” ಎಂದ. ಕತ್ತರಿಯಣ್ಣ ಸರಿ ಸರಿ ಎಂದು ತಲೆಯಾಡಿಸಿ, ಹೆಂಡತಿಗೆ ಕಾಣದ ಹಾಗೆ ಅವನಿಗೆ ಕಣ್ಣು ಹೊಡೆದರು. ನಾವಿಬ್ಬರೂ ಒಂದೇ ಕಡೆಯವರು ಎಂಬಂತೆ. ಆ ಕಣ್ಣುಸನ್ನೆ ನೋಡಿದ ಮೇಲೆ ಅವನು ಅಲ್ಲಿ ನಿಲ್ಲಲಿಲ್ಲ. ಹೇಡಿಯ ಹಾಗೆ ಮೆಟ್ಟಿಲಿಳಿದು ಬಂದ. ಹೇಡಿಯ ಹಾಗೆ ಏನು, ಹೇಡಿಯೇ.

ಮರುದಿನ ಕಚೇರಿಯಲ್ಲಿ ಮೂಲ ಸಂಶೋಧನೆಯನ್ನು ತೆಗೆದು ಓದಿದ. ಇಪ್ಪತ್ತನಾಲ್ಕು ಇಲಿಗಳು. ಹನ್ನೆರಡಕ್ಕೆ ಸಾರ, ಹನ್ನೆರಡಕ್ಕೆ ಬರೀ ನೀರು. ಮನುಷ್ಯರ ಮೇಲೆ ಇದರ ಪರಿಣಾಮ ಗೊತ್ತಿಲ್ಲ ಎಂದು ಆ ವಿಜ್ಞಾನಿಗಳು ಒಂದಲ್ಲ, ಮೂರು ಕಡೆ ಬರೆದಿದ್ದರು. ಅವರು ಮೂರು ಸಲ ಹೇಳಿದ್ದನ್ನು ಇವನು ಒಂದು ಸಲವೂ ಹೇಳಿರಲಿಲ್ಲ.

ಸಂಪಾದಕರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು ಕೆಟ್ಟವರಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು.

“ಗುಳಿಗೆ ಬಿಡಿ ಅಂತ ನಾವು ಎಲ್ಲೂ ಬರೆದಿಲ್ಲ. ದಿನಕ್ಕೆ ಲಕ್ಷ ಜನ ಓದ್ತಾರೆ. ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡ್ಕೊಂಡ್ರೆ ಎಲ್ಲದಕ್ಕೂ ನಾವು ಹೊಣೆ ಆಗೋಕೆ ಆಗುತ್ತಾ?”

“ಅವರು ತಪ್ಪಾಗಿ ಅರ್ಥ ಮಾಡ್ಕೊಂಡಿಲ್ಲ ಸಾರ್. ನಾನು ಬರೆದಿದ್ದನ್ನ ಸರಿಯಾಗೇ ಓದಿದ್ದಾರೆ.”

ಸಂಪಾದಕರು ಕನ್ನಡಕ ಮತ್ತೆ ಹಾಕಿಕೊಂಡರು. ನಾಲ್ಕನೇ ಪುಟದ ಕೆಳಗೆ ಒಂದು ಸಣ್ಣ ತಿದ್ದುಪಡಿ ಹಾಕೋಣ ಎಂದರು. ಪತ್ರಿಕೆಯ ತಿದ್ದುಪಡಿಗಳೆಲ್ಲ ಅಲ್ಲೇ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತಿದ್ದವು. ಅವನು ಒಪ್ಪಲಿಲ್ಲ. ತಪ್ಪು ಎಲ್ಲಿ ಬಂತೋ ಅಲ್ಲೇ, ಅಷ್ಟೇ ದೊಡ್ಡದಾಗಿ, ತನ್ನ ಹೆಸರಿನಡಿ ಬರಬೇಕು ಎಂದ. ಅಂಕಣದ ಮೇಲಿನ ನಂಬಿಕೆ ಹೋಗುತ್ತದಲ್ಲ ಎಂದು ಸಂಪಾದಕರು ಕೇಳಿದರು. ಹೋಗಲಿ ಎಂದ. ಕೊನೆಗೆ, ಬರೆದು ತನ್ನಿ, ನೋಡುತ್ತೇನೆ ಎಂದರು.

ಪುಟವಿನ್ಯಾಸದ ಅಕ್ಕನಿಗೆ ವಿಷಯ ತಿಳಿಸಿದಾಗ ಅವರ ಕೈ ಕೀಲಿಮಣೆಯ ಮೇಲೆ ನಿಂತಿತು. “ಬಿಲಕ್ಕೆ ಹೋಯ್ತು ಅಂದಿದ್ರಿ” ಎಂದರು. “ನಾನು ನಕ್ಕಿದ್ದೆ.”

ಪುಟ ಬರುವುದು ಭಾನುವಾರ. ಕತ್ತರಿಯಣ್ಣ ಮನೆಗೆ ಬರುವುದು ಶುಕ್ರವಾರ. ನಡುವಿನ ಎರಡು ದಿನ ಗುಳಿಗೆ ತಪ್ಪಿದರೂ ಆಪತ್ತು. ಮೇಲಾಗಿ, ತನ್ನ ತಪ್ಪನ್ನು ಅವರು ಊರಿನವರ ಜೊತೆ ಪೇಪರಿನಲ್ಲಿ ಓದಬಾರದು. ಶುಕ್ರವಾರ ಸಂಜೆ ಅವನು ಅವರ ಮನೆಯ ಬಾಗಿಲು ತಟ್ಟಿದ.

ಸಲೂನಿನ ಹಿಂದಿನ ಎರಡು ಕೋಣೆಯ ಮನೆ. ಒಲೆಯ ಮೇಲೆ ಆಗಲೇ ಕಾಳು ಕುದಿಯುತ್ತಿತ್ತು, ಕಹಿ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು. ಆಸ್ಪತ್ರೆಯ ಗುಳಿಗೆ ಪೊಟ್ಟಣ ಕಿಟಕಿಯ ಮೇಲೆ ಹಾಗೇ ಕೂತಿತ್ತು. ಅವನು ಕೂರಲಿಲ್ಲ. ಕೂತರೆ ಕುಶಲದ ಮಾತು ಬರುತ್ತದೆ, ಕುಶಲದ ಮಾತಿನಲ್ಲಿ ಇದು ಮತ್ತೆ ಮುಳುಗಿಹೋಗುತ್ತದೆ ಎಂದು ಅವನಿಗೆ ಭಯವಾಗಿತ್ತು.

“ಅಣ್ಣ, ಆ ಕಾಳನ್ನ ಮನುಷ್ಯರಿಗೆ ಕೊಟ್ಟು ನೋಡಿಲ್ಲ. ಇಲಿಗಳಿಗೆ ಕೊಟ್ಟಿದ್ದು. ನಾನು ‘ಇಲಿಗಳಲ್ಲಿ’ ಅಂತ ಬರೆದಿದ್ದೆ, ಆಮೇಲೆ ಅಳಿಸಿದೆ.”

“ಯಾಕೆ?” ಎಂದರು ಕತ್ತರಿಯಣ್ಣ.

“ಕೇಳೋಕೆ ಚೆನ್ನಾಗಿರಲಿಲ್ಲ.”

ಜಾಗ ಸಾಲಲಿಲ್ಲ ಎನ್ನಬಹುದಿತ್ತು. ಸಮಯವಿರಲಿಲ್ಲ ಎನ್ನಬಹುದಿತ್ತು. ದಾರಿಯುದ್ದಕ್ಕೂ ಅಂಥ ಹತ್ತು ಉತ್ತರಗಳನ್ನು ಅವನು ಹೊಂದಿಸಿಕೊಂಡು ಬಂದಿದ್ದ. ಆದರೆ ದಿಂಬಿನ ಮೇಲಿದ್ದ ಆ ಕೈಯ ಮುಂದೆ ನಿಜವಲ್ಲದೆ ಬೇರೆ ಯಾವುದೂ ನಾಲಿಗೆಗೆ ಬರಲಿಲ್ಲ.

ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. ಗಂಡ ಗುಳಿಗೆ ಬಿಟ್ಟಿದ್ದರೆಂಬುದೇ ಅವರಿಗೆ ಗೊತ್ತಿರಲಿಲ್ಲ, ಕಷಾಯ ಜೊತೆಗೆ ಕುಡಿಯುತ್ತಾರೆ ಎಂದುಕೊಂಡಿದ್ದರು. ಅರ್ಥವಾದಾಗ ಒಲೆ ಆರಿಸಿ ಬಂದು ಅವನೆದುರು ನಿಂತರು. ದನಿ ಏರಿಸಲಿಲ್ಲ.

“ಇವರು ಓದಿದ್ದು ಏಳನೇ ಕ್ಲಾಸು. ನೀವು ಅಷ್ಟೆಲ್ಲ ಓದಿದೋರು. ನಿಮಗೆ ಚೆನ್ನಾಗಿ ಕೇಳಿಸ್ಲಿ ಅಂತ ಇವರ ಕೈ ಹೋಯ್ತಾ?”

ಹೌದು ಎಂದ ಅವನು. ಕತ್ತರಿಯಣ್ಣ ಮಾತ್ರ ಗೋಡೆಯನ್ನು ನೋಡುತ್ತಾ ಏನೋ ಲೆಕ್ಕ ಹಾಕುತ್ತಿದ್ದರು.

“ಎಷ್ಟು ಇಲಿ?”

“ಇಪ್ಪತ್ತನಾಲ್ಕು. ಸಾರ ಕುಡಿದಿದ್ದು ಹನ್ನೆರಡು.”

“ಈಗ ಹೇಗಿವೆ?”

“ಇಲ್ಲ ಅಣ್ಣ. ಪ್ರಯೋಗ ಮುಗಿದ ಮೇಲೆ ಅವನ್ನ ಕೊಂದು ಪರೀಕ್ಷೆ ಮಾಡ್ತಾರೆ.”

“ಹಾಗಾದ್ರೆ ಹದಿಮೂರನೇ ಇಲಿ ನಾನೊಬ್ಬ ಉಳಿದೆ” ಎಂದು ಕತ್ತರಿಯಣ್ಣ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. “ಆ ದಿನ ನಾನು ಬಾಯಿಬಿಟ್ಟು ಕೇಳಿದ್ದೆ. ನೀವು ಹೂಂ ಅಂದ್ರಿ.”

“ಅಂದೆ. ಗಂಟಲ ಮೇಲೆ ಕತ್ತಿ ಇತ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಕತ್ತಿ ತೆಗೆದ ಮೇಲೂ ನಾನು ಮಾತಾಡಲಿಲ್ಲ.”

ಹೆಂಡತಿ ಕಿಟಕಿಯಿಂದ ಪೊಟ್ಟಣ ತೆಗೆದು ಗುಳಿಗೆ ಬಿಡಿಸಿ ಗಂಡನ ಎಡಗೈಗೆ ಹಾಕಿದರು, ನೀರು ಕೊಟ್ಟರು. ಕತ್ತರಿಯಣ್ಣ ಅವನನ್ನು ನೋಡುತ್ತಲೇ ನುಂಗಿದರು. ಆಮೇಲೆ, ನಾಳೆ ಡಾಕ್ಟರ ಹತ್ತಿರ ಹೋಗಿ ನಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಳ್ಳಬೇಕು, ಜೊತೆಗೆ ಬರುತ್ತೀರಾ ಎಂದು ಕೇಳಿದರು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಶನಿವಾರ ಮೂವರೂ ಹೋದರು. ಗುಳಿಗೆ ತಪ್ಪಿಸಿದ ವಿಷಯ ಕತ್ತರಿಯಣ್ಣ ಹೇಳಿದರು, ಅದಕ್ಕೆ ಕಾರಣ ಯಾರು ಎಂಬುದನ್ನು ಅವನು ಹೇಳಿದ. ವೈದ್ಯೆ ಇಬ್ಬರನ್ನೂ ಒಂದೇ ಸಮ ಬೈದರು. ಹಳೆಯ ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ನಾನು ಎರಡನೆಯದನ್ನು ಸೇರಿಸಿದ್ದೆ, ಈಗ ಲೆಕ್ಕವೇ ಬೇರೆಯಾಯಿತು ಎಂದು ಚೀಟಿ ತಿದ್ದಿ ಬರೆದು, ವಾರಕ್ಕೊಮ್ಮೆ ಬಂದು ತೋರಿಸಲು ಹೇಳಿದರು. ಕೈ ಎಷ್ಟು ಮರಳುತ್ತದೆ ಎಂಬುದಕ್ಕೆ ಅವರು ಖಚಿತ ಉತ್ತರ ಕೊಡಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು. ಆ ಪದವನ್ನು ತನ್ನ ಅಂಕಣದಲ್ಲಿ ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೇನೆ ಎಂದು ಅವನು ಯೋಚಿಸಿದ. ಒಂದೂ ನೆನಪಾಗಲಿಲ್ಲ.

ಭಾನುವಾರ ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ, ‘ನಾನು ಅಳಿಸಿದ ಪದ’ ಎಂಬ ಬರಹ ಬಂತು. ಕಾಳು ಕುಡಿದು ಗುಳಿಗೆ ಬಿಟ್ಟವರು ಇನ್ನೂ ಇದ್ದರು. ಆ ವಾರ ಕಚೇರಿಗೆ ಹದಿನೇಳು ಫೋನು ಬಂದವು. ಕೆಲವರು ಬೈದರು. ಒಬ್ಬ ಅಜ್ಜಿ, ಗುಳಿಗೆ ಮತ್ತೆ ಶುರು ಮಾಡಿದ್ದೇನೆ, ಆದರೆ ನಿನ್ನ ಬರಹ ಇನ್ನು ಓದುವುದಿಲ್ಲ ಕಣಪ್ಪ ಎಂದರು. ಪ್ರತಿ ಫೋನನ್ನೂ ಅವನೇ ತೆಗೆದುಕೊಂಡ.

ನಾಲ್ಕು ತಿಂಗಳು ಕಳೆಯಿತು. ಕತ್ತರಿಯಣ್ಣನ ಬಲಗೈ ಲೋಟ ಹಿಡಿಯುವಷ್ಟಕ್ಕೆ ಬಂತು, ಕತ್ತರಿ ಹಿಡಿಯುವಷ್ಟಕ್ಕೆ ಬರಲಿಲ್ಲ. ಅವರ ತಂಗಿಯ ಗಂಡ ಊರು ಬಿಟ್ಟು ಬಂದು ಸಲೂನು ನಡೆಸತೊಡಗಿದ. ಅಂಕಣಕಾರ ಬುಧವಾರ ಸಂಜೆಗೆ ಅಲ್ಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಗುರುವಾರ ಅಚ್ಚಿಗೆ ಹೋಗಬೇಕಾದದ್ದನ್ನು ಬುಧವಾರ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಕತ್ತರಿಯಣ್ಣ ಬಲಗೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ ಕೇಳುತ್ತಿದ್ದರು. ಅವರ ಪ್ರಶ್ನೆಗಳು ಚಿಕ್ಕವು. ಎಷ್ಟು ಜನ? ಎಷ್ಟು ದಿನ? ಯಾರ ಮೇಲೆ? ಉತ್ತರವಿಲ್ಲದ ಕಡೆ ಅವನು ಅಲ್ಲೇ ಪೆನ್ನು ತೆಗೆದು ‘ಗೊತ್ತಿಲ್ಲ’ ಎಂದು ಸೇರಿಸುತ್ತಿದ್ದ. ಅಂಕಣ ಮೊದಲಿನಷ್ಟು ಚೆನ್ನಾಗಿ ಹಾಡುತ್ತಿಲ್ಲ ಎಂದು ಸಂಪಾದಕರು ಒಮ್ಮೆ ಅಂದರು. ಹೌದು ಎಂದು ಒಪ್ಪಿಕೊಂಡ.

ಕನ್ನಡಿಯ ಮೂಲೆಯ ಹಳೆಯ ಬರಹವನ್ನು ಕೀಳಲು ಅವನು ಎರಡು ಸಲ ಹೋಗಿದ್ದ. ಕತ್ತರಿಯಣ್ಣ ಬಿಡಲಿಲ್ಲ. ಒಂದು ಬುಧವಾರ ನೋಡಿದರೆ ಅದರ ‘ರಕ್ತದೊತ್ತಡ ಇಳಿಯಿತು’ ಎಂಬ ಸಾಲಿನ ಮೇಲೆ ಶಾಯಿಯಲ್ಲಿ ಒಂದು ಪದ ಬರೆದಿತ್ತು. ಎಡಗೈಯಲ್ಲಿ ಬರೆದ ಅಕ್ಷರ, ಒಂದೊಂದೂ ಒಂದೊಂದು ಕಡೆ ವಾಲಿತ್ತು: ‘ಇಲಿಗಳಲ್ಲಿ.’

“ಕೂತ್ಕೊಳ್ಳಿ” ಎಂದರು ಕತ್ತರಿಯಣ್ಣ, ಬೆಂಚನ್ನಲ್ಲ, ಕುರ್ಚಿಯನ್ನು ತೋರಿಸಿ. “ತಿಂಗಳಿಂದ ಎಡಗೈಯಲ್ಲಿ ಬಲೂನಿಗೆ ನೊರೆ ಹಚ್ಚಿ, ಕತ್ತಿ ಆಡಿಸಿ ಅಭ್ಯಾಸ ಮಾಡಿದ್ದೀನಿ. ಮೊದಮೊದಲು ದಿನಾ ಒಡೀತಿತ್ತು. ಈ ವಾರ ಒಂದೂ ಒಡೆದಿಲ್ಲ.”

ಅವನು ಹೋಗಿ ಕೂತ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೇಡ ಎನ್ನಲು ಹೊರಟು ಸುಮ್ಮನಾದರು. ಎಡಗೈ ನಿಧಾನವಾಗಿ ನೊರೆ ಹಚ್ಚಿತು, ಗಲ್ಲ ಎತ್ತಿತು, ಕತ್ತಿಯನ್ನು ಗಂಟಲಿಗೆ ತಂದಿತು. ಕತ್ತಿಯ ತುದಿ ಚೂರು ನಡುಗುವುದು ಅವನಿಗೆ ಚರ್ಮದ ಮೇಲೆ ತಿಳಿಯುತ್ತಿತ್ತು. ಅವನು ಕಣ್ಣು ಮುಚ್ಚಲಿಲ್ಲ.

“ಈ ವಾರ ಮಂಡಿನೋವಿನ ಎಣ್ಣೆ ಬಗ್ಗೆ ಬರೆದಿದ್ದೀರಂತೆ” ಎಂದರು ಕತ್ತರಿಯಣ್ಣ, ಕತ್ತಿಯನ್ನು ಅಲ್ಲೇ ಇಟ್ಟು. “ನಮ್ಮವಳಿಗೂ ಮಂಡಿನೋವು. ಹಚ್ಚಿ ನೋಡಲಾ?”

ಅವನು ಕೈ ಎತ್ತಿ ಅವರ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ಕತ್ತಿಯನ್ನು ಗಂಟಲಿಂದ ಪಕ್ಕಕ್ಕೆ ಸರಿಸಿದ. ನೊರೆ ಮೆತ್ತಿದ ಮುಖದಲ್ಲೇ ಎದ್ದು ನೇರ ಕೂತ.

“ಬೇಡ ಅಣ್ಣ. ಒಂಬತ್ತು ಜನರ ಮೇಲೆ ಮಾಡಿದ್ದಾರೆ, ಅಷ್ಟೇ. ಎರಡೇ ವಾರ. ಅತ್ತಿಗೆಗೆ ಒಗ್ಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ.”

“ಹೂಂ” ಎಂದರು ಕತ್ತರಿಯಣ್ಣ. ಮತ್ತೆ ಅವನ ಗಲ್ಲ ಮೇಲೆತ್ತಿದರು.